ಹಗ್ಗ ಬಿಸಿಲಲ್ಲೇ ಇರಲಿ

ಮದುವೆಗೆ ಹೋದವರು ಮೊದಲು ಏನು ನೋಡುತ್ತಾರೆ? ಹುಡುಗಿಯ ಸೀರೆ ನೋಡುತ್ತಾರೆ, ಊಟದ ಪಂಕ್ತಿ ಎಲ್ಲಿಗೆ ಬಂತು ಎಂದು ನೋಡುತ್ತಾರೆ. ನಮ್ಮ ಪಕ್ಕದ ಮನೆಯ ಕಾಕಾ ಹಿಂದಿನ ಬಾಗಿಲು ನೋಡುತ್ತಿದ್ದರು. ವಿಜಯಪುರದ ಯಾವ ಕಲ್ಯಾಣ ಮಂಟಪಕ್ಕೇ ಹೋಗಲಿ, ಅಕ್ಷತೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಒಂದು ಸುತ್ತು ಹಾಕಿ, ಹಿಂದಿನ ಬಾಗಿಲಿಗೆ ಅಡ್ಡ ಇಟ್ಟ ಕುರ್ಚಿ, ಹಂಡೆಗಳನ್ನು ತೆಗೆಸಿ ಬಂದು ಕೂರುತ್ತಿದ್ದರು. ಒಮ್ಮೆ ಅಡುಗೆಯವನೊಬ್ಬ ರೇಗಿ, "ನೀವು ಹುಡುಗನ ಕಡೆಯವ್ರೋ, ಹುಡುಗಿ ಕಡೆಯವ್ರೋ?" ಎಂದು ಕೇಳಿದ. "ಬೆಂಕಿ ಹತ್ತಿದ್ರ ಇಬ್ಬರೂ ಒಂದ ಬಾಗಲಾ ಹುಡುಕ್ತಾರೋ ತಮ್ಮಾ" ಎಂದರು ಕಾಕಾ. ಮದುವೆ ಮನೆಯಲ್ಲಿ ಬೆಂಕಿಯ ಮಾತು! ಪಕ್ಕದಲ್ಲಿದ್ದ ನಾನು ನಾಚಿಕೆಯಿಂದ ಹಿಡಿಯಷ್ಟಾದೆ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅವರ ಹೆಸರು ಬರೆಯಬಾರದು ಎಂದು ನಾನೇ ಒಂದು ಕಡೆ ಹಟ ಹಿಡಿದಿದ್ದೇನೆ, ಹಾಗಾಗಿ ಇಲ್ಲೂ ಬರೆಯುವುದಿಲ್ಲ.

ಕಾಕಾ ಬಬಲೇಶ್ವರದ ಹತ್ತಿರದ ಹಳ್ಳಿಯವರು. ಸಮುದ್ರ ಅಂದರೆ ನಕಾಶೆಯಲ್ಲಿ ಹಚ್ಚುವ ನೀಲಿ ಬಣ್ಣ ಎಂದಷ್ಟೇ ತಿಳಿದ ಸೀಮೆ ಅದು. ಮುಂಬಯಿ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಸೋದರಮಾವನ ಬೆನ್ನು ಹತ್ತಿ ಹೋದವರು ಸರಕಿನ ಹಡಗಿನಲ್ಲಿ ಖಲಾಸಿಯಾಗಿ ಸೇರಿಕೊಂಡರು. ಮುಂದೆ ಹಡಗಿನ ಉಗ್ರಾಣ ಅವರ ಕೈಗೆ ಬಂತು. ಮೂವತ್ತು ವರ್ಷ ನೀರಿನ ಮೇಲೆ ಕಳೆದು, ನಿವೃತ್ತರಾಗಿ ಜಲನಗರದಲ್ಲಿ ಮನೆ ಕಟ್ಟಿಸಿದರು. ನಳಕ್ಕೆ ವಾರಕ್ಕೊಮ್ಮೆ ನೀರು ಬರುವ ಓಣಿಗೆ ಹಡಗಿನವರು ಬಂದರಲ್ಲ ಎಂದು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

"ಇವ್ರು ಹಡಗ ಬಿಟ್ರೂ ಹಡಗ ಇವ್ರನ್ನ ಬಿಟ್ಟಿಲ್ಲ ನೋಡವಾ" ಎಂದು ಅವರ ಹೆಂಡತಿ ಕಾಕು ನನ್ನ ಹತ್ತಿರ ಗೋಳಾಡುತ್ತಿದ್ದರು. "ಗ್ಯಾಸ್ ಬಂದ್ ಮಾಡಿದ್ರ, ಬಂದ್ ಮಾಡೇನಿ ಅಂತ ಒದರಿ ಹೇಳಬೇಕಂತ. ನಾ ಏನ್ ಇವ್ರ ಖಲಾಸಿ ಆಗೇನೇನು?"

ಗೋಳಾಡುತ್ತಲೇ ಗ್ಯಾಸ್ ಆರಿಸಿ, "ಬಂದ್ ಮಾಡೇನ್ರೀ!" ಎಂದು ಕೂಗಿ ಹೇಳುತ್ತಲೂ ಇದ್ದರು. ಒಳಗಿನಿಂದ "ಹೂಂ, ಆತು" ಎಂಬ ಉತ್ತರ ಬಂದ ಮೇಲೆಯೇ ಆ ಮನೆಯಲ್ಲಿ ಅಡುಗೆ ಮುಗಿದಂತೆ.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಲ್ಲಿಂದ ಸ್ವಲ್ಪ ಮುಂದಿನ ಹಳ್ಳಿಯಲ್ಲಿ ನನ್ನ ಮಾವನವರ ದ್ರಾಕ್ಷಿ ತೋಟವಿದೆ. ಒಂದು ರವಿವಾರ ಕಾಕಾನನ್ನು ತೋಟ ನೋಡಲು ಕರೆದುಕೊಂಡು ಹೋದೆವು. ಕೆಟ್ಟ ಕುತೂಹಲದ ಮನುಷ್ಯ, ಗೊಂಚಲುಗಳ ಕಡೆ ಕಣ್ಣೆತ್ತಿಯೂ ನೋಡದೆ ಸೀದಾ ಕೃಷಿ ಹೊಂಡದ ಏರಿ ಹತ್ತಿ ನಿಂತರು. ನಮ್ಮ ಭಾಗದಲ್ಲಿ ಈಗ ಬಹಳ ತೋಟಗಳಿಗೆ ಇಂಥ ಹೊಂಡ ಇದೆ. ದೊಡ್ಡ ತಗ್ಗು ತೋಡಿ, ನೀರು ಇಂಗದಂತೆ ತಳಕ್ಕೂ ನಾಲ್ಕು ಕಡೆಯ ಇಳಿಜಾರಿಗೂ ದಪ್ಪ ಪ್ಲಾಸ್ಟಿಕ್ ಹಾಸಿ, ನೀರು ತುಂಬಿಸಿಡುತ್ತಾರೆ. ಬೇಸಿಗೆಯಲ್ಲಿ ಬಳ್ಳಿಗಳ ಜೀವ ಅದರಲ್ಲೇ ಇರುತ್ತದೆ.

"ಇದರಾಗ ಬಿದ್ದಾಂವ ಮ್ಯಾಲೆ ಹ್ಯಾಂಗ ಬರ್ತಾನ್ರಿ?" ಎಂದು ಕಾಕಾ ಕೇಳಿದರು.

"ಇದರಾಗ ಯಾಕ ಬೀಳ್ತಾನ್ರಿ?" ಎಂದರು ನಮ್ಮ ಮಾವ.

ಕಾಕಾ ಶೆಡ್ಡಿನಲ್ಲಿದ್ದ ಹಗ್ಗ ತಂದು ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದರು, ಇನ್ನೊಂದನ್ನು ತಮ್ಮ ನಡುವಿಗೆ ಕಟ್ಟಿಕೊಂಡರು. ನಾವು ಬೇಡ ಬೇಡ ಅನ್ನುವಷ್ಟರಲ್ಲಿ ಬನಿಯನ್ ಮೇಲೆ ಹೊಂಡಕ್ಕೆ ಇಳಿದೇಬಿಟ್ಟರು. ಅರವತ್ತು ದಾಟಿದ, ಸಮುದ್ರ ಈಜಿದ ಮನುಷ್ಯ. ಆಮೇಲೆ ಹಗ್ಗ ಮುಟ್ಟದೆ ಮೇಲೆ ಹತ್ತಲು ನೋಡಿದರು. ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಮೂರು ಸಲ ಜಾರಿದರು, ನಾಲ್ಕನೆಯ ಸಲ ಮೂಗಿನವರೆಗೆ ಮುಳುಗಿದರು. ಮಾವ ಗಾಬರಿಯಾಗಿ ಹಗ್ಗ ಜಗ್ಗಿ ಎಳೆದುಕೊಂಡರು. ನೀರು ಸೋರುತ್ತ ಏರಿಯ ಮೇಲೆ ಕೂತ ಕಾಕಾ, "ಈಜು ಬಂದ್ರ ಅರ್ಧಾ ತಾಸು ತಡದ ಸಾಯ್ತಾನ, ಬರದಿದ್ರ ಲಗೂನ ಸಾಯ್ತಾನ. ಅಷ್ಟ ಫರಕ್ ನೋಡ್ರಿ" ಎಂದರು.

ಅಂದಿನಿಂದ ಅವರಿಗೆ ಹೊಂಡದ ಹುಚ್ಚು ಹಿಡಿಯಿತು. ಬೆಳಿಗ್ಗೆ ನನ್ನ ಜೊತೆಗೇ ತಿಕೋಟಾ ಬಸ್ಸು ಹತ್ತುತ್ತಿದ್ದರು. ಹೆಗಲ ಮೇಲೆ ಸುತ್ತಿದ ಹಗ್ಗ, ಒಂದೊಂದು ಮೊಳಕ್ಕೆ ಒಂದೊಂದು ಗಂಟು. ತೋಟದಿಂದ ತೋಟಕ್ಕೆ ಹೋಗಿ, ಹೊಂಡದ ನಾಲ್ಕೂ ಬದಿಗೆ ಗೂಟ ಹೊಡೆದು, ಹಗ್ಗ ನೀರಿಗೆ ಇಳಿಬಿಟ್ಟು ಬರುತ್ತಿದ್ದರು. ಜನ ಹಗ್ಗದ ಕಾಕಾ ಎಂದು ಹೆಸರಿಟ್ಟರು. ಹಗ್ಗ ಕೊಳ್ಳಲು ಬಬಲೇಶ್ವರದ ಸಂತೆಗೇ ಹೋಗಬೇಕು ಅವರಿಗೆ, ಅಲ್ಲಿಯದು ಗಟ್ಟಿ ಎಂದು ತವರೂರಿನ ಅಭಿಮಾನ. ಒಮ್ಮೆ ನಾನೂ ಜೊತೆಯಲ್ಲಿದ್ದೆ. ಕಾಕಾ ಹಗ್ಗದ ತುದಿಯನ್ನು ಕಾಲಲ್ಲಿ ತುಳಿದು ಎರಡೂ ಕೈಯಿಂದ ಜಗ್ಗಿ ನೋಡುತ್ತಿದ್ದರು.

"ಎತ್ತಿಗೇನ್ರಿ, ಎಮ್ಮಿಗೇನ್ರಿ?" ಎಂದು ಅಂಗಡಿಯವನು ಕೇಳಿದ.

"ಮನಷ್ಯಾಗ. ಒಬ್ಬ ಮನಷ್ಯಾನ ಭಾರ ತಡೀತದಲ್ಲ?"

ಅಂಗಡಿಯವನ ಮುಖ ಬಿಳಿಚಿಕೊಂಡಿತು. ಹಗ್ಗವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ಯಪ್ಪಾ, ಕುಂದರ್ರಿ. ಮೊದಲ ಒಂದ್ ಚಾ ಕುಡೀರಿ. ಮನ್ಯಾಗ ಏನರ ಆಗೇತೇನ್ರಿ?" ಎಂದ. ಹಗ್ಗ ಸಾಯುವುದಕ್ಕಲ್ಲ ಎಂದು ಅವನಿಗೆ ತಿಳಿಹೇಳುವಷ್ಟರಲ್ಲಿ ಎರಡು ಕಪ್ಪು ಚಹಾ ಆಗಿತ್ತು.

ಒಂದು ದಿನ ನನ್ನ ತರಗತಿಗೆ ಅವರನ್ನು ಕರೆದೆ. ತೇಲುವುದು, ಮುಳುಗುವುದರ ಪಾಠವಿತ್ತು. ಹಡಗಿನವರ ಬಾಯಿಂದಲೇ ಮಕ್ಕಳು ಕೇಳಲಿ ಎಂಬ ಆಸೆ ನನಗೆ. ಕಾಕಾ ಹಲಗೆಯ ಮೇಲೆ ಹಡಗು ಬರೆದು ಪಾಠ ಬಿಟ್ಟು ಬೇರೆಯದನ್ನೇ ಹೇಳಿದರು. ನೂರು ವರ್ಷಕ್ಕೂ ಹಿಂದೆ ಹಿಮದ ಗುಡ್ಡಕ್ಕೆ ಬಡಿದು ಮುಳುಗಿದ ಆ ದೊಡ್ಡ ಹಡಗಿನಲ್ಲಿ ಇದ್ದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ದೋಣಿಗಳಿದ್ದವು. ಅದು ಕಾನೂನಿಗೆ ವಿರುದ್ಧವೂ ಆಗಿರಲಿಲ್ಲ. ಹಡಗಿನ ಗಾತ್ರ ನೋಡಿ ದೋಣಿ ಇಡಬೇಕೆಂದಿತ್ತೇ ಹೊರತು ತಲೆ ಎಣಿಸಿ ಇಡಬೇಕೆಂದು ಎಲ್ಲೂ ಬರೆದಿರಲಿಲ್ಲ. ಅಷ್ಟು ಜನ ಸತ್ತ ಮೇಲೆ ದೇಶದೇಶಗಳವರು ಕೂಡಿ ಕೂತು, ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ದೋಣಿಯಲ್ಲಿ ಜಾಗ ಇರಬೇಕು ಎಂದು ಬರೆದರು.

"ಅವ್ರಿಗಿ ಮೊದಲ ಗೊತ್ತಿರಲಿಲ್ಲೇನ್ರಿ ಸರ್?" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು.

"ಗೊತ್ತಿತ್ತವಾ. ಬರದಿರಲಿಲ್ಲ" ಎಂದರು ಕಾಕಾ.

ಇನ್ನೊಂದು ಹಡಗಿನ ಕಥೆಯನ್ನೂ ಹೇಳಿದರು. ಕಾರು, ಲಾರಿಗಳನ್ನು ಹೊಟ್ಟೆಯೊಳಗೆ ತುಂಬಿಕೊಂಡು ಹೋಗುವ ಹಡಗು. ಮುಂದಿನ ಬಾಗಿಲು ಮುಚ್ಚಬೇಕಾದವನು ನಿದ್ದೆ ಹೋಗಿದ್ದ. ಮುಚ್ಚಿಲ್ಲ ಎಂದು ಯಾರೂ ಹೇಳಲಿಲ್ಲ, ಹೇಳಲಿಲ್ಲವೆಂದರೆ ಮುಚ್ಚಿದೆ ಎಂದೇ ಕ್ಯಾಪ್ಟನ್ ತಿಳಿದ. ಬಂದರು ದಾಟಿದ ಕೂಡಲೇ ನೀರು ಒಳಗೆ ನುಗ್ಗಿತು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಕ್ಯಾಪ್ಟನ್ನನ ಕಣ್ಣ ಮುಂದೆಯೇ ದೀಪ ಹತ್ತಬೇಕು ಎಂಬ ನಿಯಮ ಆಮೇಲೆ ಬಂತು. ನನಗೆ ಕಾಕುವಿನ ಗ್ಯಾಸ್ ನೆನಪಾಗಿ ನಗು ಬಂತು, ಬಂದ ನಗು ಅಲ್ಲೇ ನಿಂತಿತು.

"ಹಡಗಿನ ಒಂದೊಂದ ನಿಯಮದ ಬುಡಕ ಒಬ್ಬಾಂವ ಸತ್ತ ಮಲಗ್ಯಾನ" ಎಂದು ಅವರು ಮಾತು ಮುಗಿಸಿದರು.

ನಮ್ಮ ಮಾವನವರ ಹಳ್ಳಿಯ ಗ್ರಾಮಸಭೆಗೂ ಕಾಕಾ ಎರಡು ಸಲ ಹೋದರು. ಪ್ರತಿ ಹೊಂಡಕ್ಕೂ ನಾಲ್ಕು ಕಡೆ ಹಗ್ಗ ಇರಲೇಬೇಕು, ಅದನ್ನು ಯಾರೂ ತೆಗೆಯಬಾರದು ಎಂದು ಠರಾವು ಮಾಡಿ ಎಂದು ಕೈಮುಗಿದು ಕೇಳಿದರು. ಸದಸ್ಯರೇನೂ ಕೆಟ್ಟವರಲ್ಲ. ಚಹಾ ಕೊಟ್ಟು ಕೂರಿಸಿ, "ನಮ್ಮ ಊರಾಗ ಇಲ್ಲೀತನಕ ಯಾರೂ ಸತ್ತಿಲ್ಲಲ್ರಿ ಕಾಕಾ. ಯಾಕ ಅಪಶಕುನ?" ಎಂದರು. ಮರಳುವಾಗ ಬಸ್ಸಿನಲ್ಲಿ ಅವರು ನನಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಸತ್ತ ಮ್ಯಾಗ ಬಂದ ನಿಯಮ ಭಾಳ ನೋಡೇನವಾ. ಒಬ್ಬರೂ ಸಾಯದ ಬಂದ ಒಂದರ ನಿಯಮ ನೋಡಿ ಸಾಯಬೇಕಂತ ಆಸೆ ಐತಿ." ಆಗ ನಾನು, ಈ ವಯಸ್ಸಿಗೆ ಎಂಥೆಂಥ ಆಸೆ ಎಂದುಕೊಂಡೆ.

ಇನ್ನು ನನ್ನ ಘನಕಾರ್ಯ ಹೇಳಬೇಕು. ನಮ್ಮ ಹೊಂಡಕ್ಕೆ ಕಾಕಾ ಕಟ್ಟಿದ ಹಗ್ಗ ಹೊಚ್ಚ ಹೊಸದು, ನಾಲ್ಕು ಬದಿಗೆ ನಾಲ್ಕು. ಮಾರ್ಚ್ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತಿರಬೇಕು. ಬಿಸಿಲಿಗೆ ನೈಲಾನ್ ಹಗ್ಗ ಸತ್ವ ಕಳೆದುಕೊಂಡು ಪುಡಿಯಾಗುತ್ತದೆ ಎಂದು ವಿಜ್ಞಾನದ ಟೀಚರಿಗೆ ಗೊತ್ತಿರದಿದ್ದರೆ ಇನ್ನಾರಿಗೆ ಗೊತ್ತಿರಬೇಕು? ಪಾಪ, ಅಷ್ಟು ಕಾಳಜಿಯಿಂದ ಕಟ್ಟಿದ್ದಾರೆ, ಹಾಳಾಗಬಾರದು ಎಂದು ನಾನೇ ನಾಲ್ಕೂ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಶೆಡ್ಡಿನ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದೆ. ಕೋಣೆಗೆ ಕೀಲಿ ಹಾಕುವುದು ನಮ್ಮ ಮನೆಯ ರೂಢಿ, ಕೀಲಿಕೈ ಅತ್ತೆಯ ನಡುವಿನಲ್ಲಿ.

ಅದಾಗಿ ಎರಡನೆಯ ರವಿವಾರ. ಒಣದ್ರಾಕ್ಷಿಯ ಕೆಲಸ ಜೋರಾಗಿತ್ತು. ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಹೊಂಡದ ಏರಿಯ ಮೇಲೆ ಕ್ರೇಟುಗಳನ್ನು ತೊಳೆಯುತ್ತಿದ್ದರು. ಅವರಲ್ಲಿ ರೇಣವ್ವ ಎಂಬಾಕೆ ಬಕೀಟು ತುಂಬಿಕೊಳ್ಳಲು ಬಾಗಿದವಳು ಜಾರಿ ಒಳಗೆ ಹೋದಳು. ಕೂಗು ಕೇಳಿ ಓಡಿ ಬಂದೆ. ಆಕೆಯ ಕೈ ಪ್ಲಾಸ್ಟಿಕ್ಕನ್ನು ಕೆರೆಯುತ್ತಿತ್ತು, ಕೆರೆದಷ್ಟೂ ಜಾರುತ್ತಿತ್ತು. ಹಗ್ಗ ತರಲು ಶೆಡ್ಡಿಗೆ ಓಡಿದೆ. ಕೀಲಿ. ಅತ್ತೆ ತಿಕೋಟಾಕ್ಕೆ ಹೋಗಿದ್ದರು. ಕಲ್ಲಿನಿಂದ ಕೀಲಿಯನ್ನು ಕುಟ್ಟಿದೆ, ಅದು ಜಪ್ಪಯ್ಯ ಅನ್ನಲಿಲ್ಲ. ಕಿಟಕಿಯೊಳಗೆ ನಾಲ್ಕೂ ಹಗ್ಗಗಳು ಕಾಣುತ್ತಿದ್ದವು.

ಅಳುತ್ತ ಮರಳಿ ಓಡಿದೆ. ಅಷ್ಟರಲ್ಲಿ ನಾಲ್ವರು ಹೆಣ್ಣುಮಕ್ಕಳು ಉಟ್ಟ ಸೀರೆ ಬಿಚ್ಚಿ, ಒಂದಕ್ಕೊಂದು ಗಂಟುಹಾಕಿ ನೀರಿಗೆ ಎಸೆದಿದ್ದರು. ಮಾವನೂ ಇಬ್ಬರು ಗಂಡಾಳುಗಳೂ ಓಡಿ ಬಂದವರು, ಲಂಗದಲ್ಲಿ ನಿಂತ ಹೆಂಗಸರನ್ನು ಕಂಡು ಥಟ್ಟನೆ ಬೆನ್ನು ತಿರುಗಿಸಿದರು. ಬೆನ್ನು ತಿರುಗಿಸಿಕೊಂಡೇ ಸೀರೆಯ ತುದಿಯನ್ನು ಹೆಗಲ ಮೇಲೆ ಹೊತ್ತು ನೇಗಿಲು ಎಳೆದಂತೆ ಎಳೆದರು. ರೇಣವ್ವ ಮೇಲೆ ಬಂದಳು. ಮೊಣಕೈ ತರಚಿತ್ತು, ನೀರು ಕಾರಿಕೊಂಡಳು. ಉಸಿರು ಬಂದ ಕೂಡಲೇ, "ಅಯ್ಯ, ಬಕೀಟ ಒಳಗ ಹೋತಲ್ರೇ ಯವ್ವಾ" ಎಂದಳು. ಎಲ್ಲರೂ ಅಳುತ್ತಲೇ ನಕ್ಕರು.

ತೆಂಗಿನಕಾಯಿ ಒಡೆದದ್ದಾಯಿತು. ದೇವರು ದೊಡ್ಡವನು ಎಂದದ್ದಾಯಿತು. ಹಗ್ಗ ಎಲ್ಲಿ ಎಂಬ ಮಾತು ಬಂದಾಗ ಮಾವ, "ಆಳಗೋಳ ಯಾರೋ ಒಯ್ದಿರಬೇಕ ಬಿಡ್ರಿ" ಎಂದುಬಿಟ್ಟರು. ಸೀರೆ ಹಿಂಡುತ್ತಿದ್ದ ಹೆಣ್ಣುಮಕ್ಕಳು ತಲೆ ತಗ್ಗಿಸಿದರು. ನಾನು ಬಾಯಿ ತೆರೆಯಲಿಲ್ಲ. ಸಂಜೆ ಬಂದ ಅತ್ತೆಗೆ ಮೊಳೆಯ ಮೇಲಿನ ಹಗ್ಗ ಕಂಡಿತು. "ಉಳದಾಳಲ್ಲ, ಸುಮ್ನಿರು" ಎಂದರು.

ಮರುದಿನ ಶಾಲೆ ಬಿಟ್ಟ ಮೇಲೆ ತೋಟಕ್ಕೆ ಹೋದೆ, ಕಾಕಾ ಬಂದರು. ಏರಿಯ ಮೇಲೆ ನಾವಿಬ್ಬರೇ ಇದ್ದೆವು. ಯಾರು ಒಯ್ದರು ಎಂದು ಅವರು ಕೇಳಲಿಲ್ಲ. "ಹಗ್ಗ ಎಲ್ಲಿ ಅದಾವವಾ?" ಎಂದು ಮಾತ್ರ ಕೇಳಿದರು. ನಾನು ಎಲ್ಲ ಹೇಳಿ, ಬೈಯಲಿ ಎಂದು ಕಾದೆ. ಅವರು ನೀರಿನ ಕಡೆ ಮುಖ ಮಾಡಿ ಕೂತರು.

"ನಮ್ಮ ಹಡಗಿನಾಗೂ ಹಿಂಗ ಆಗಿತ್ತು" ಎಂದರು. "ಹೊಸಾ ಲೈಫ್ ಜಾಕೀಟ ಬಂದಿದ್ದು. ಮುಂದಿನ ಬಂದರದಾಗ ತಪಾಸಣಿ ಇತ್ತು, ಹೊಲಸಾಗಬಾರದು ಅಂತ ನಾನ ಉಗ್ರಾಣದಾಗ ಇಟ್ಟು ಕೀಲಿ ಹಾಕಿದ್ಯಾ. ಹಡಗ ವಾಲಿದಾಗ ಎಲ್ಲಾರೂ ಉಗ್ರಾಣದ ಬಾಗಲಾ ಬಡ್ಯಾಕತ್ತಾರ, ನಾ ಮ್ಯಾಲಿನ ಡೆಕ್ಕಿನ ಮ್ಯಾಲೆ, ಕೀಲಿಕೈ ನನ್ನ ಕಿಸೇದಾಗ. ಇಬ್ಬರು ಹೋದ್ರು."

ನನ್ನ ಕಣ್ಣು ಶೆಡ್ಡಿನ ಬಾಗಿಲ ಕಡೆ ಹೋಯಿತು.

"ಅದಲ್ಲವಾ ನಾ ಹೇಳಾಕತ್ತಿದ್ದು. ಮುಂದ ವಿಚಾರಣಿ ಆತು. ಉಗ್ರಾಣ ತಗದ ಇತ್ತೇನಂತ ಕೇಳಿದ್ರು. ತಗದಿತ್ರೀ ಅಂದ್ಯಾ. ನೌಕರಿ ಹೋಗತೈತಿ ಅಂತ ಅಂಜಿಕಿ. ನಾ ಖರೇ ಹೇಳಿದ್ರ ಕೀಲಿ ಹಾಕಬಾರದಂತ ಅವತ್ತ ನಿಯಮ ಬರತಿತ್ತು. ಬರಲಿಲ್ಲ. ಎರಡು ವರ್ಷಕ್ಕ ಅದ ಮಾಲಕನ ಇನ್ನೊಂದು ಹಡಗ ಮುಳುಗ್ತು. ಅಲ್ಲೂ ಕೀಲಿ. ಆಮ್ಯಾಗ ಬಂತು ನಿಯಮ." ಕಾಕಾ ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಇಳಿಯಲು ಬಿಟ್ಟರು. "ಮೊದಲಿನ ಇಬ್ಬರು ಕೀಲಿಯಿಂದ ಸತ್ರು. ಎರಡನೇ ಸರ್ತಿ ಸತ್ತವ್ರು ನನ್ನ ಬಾಯಿಂದ ಸತ್ರು."

ಆಮೇಲೆ ನನ್ನ ನೋಟ್‌ಬುಕ್ಕಿನ ಒಂದು ಹಾಳೆ ಕೇಳಿ ತೆಗೆದುಕೊಂಡು ಅದರಲ್ಲಿ ನಾಲ್ಕು ಗೆರೆ ಎಳೆದು ಒಂದೊಂದರ ಮುಂದೆ ಒಂದೊಂದು ಮಾತು ಬರೆದರು. ಏನಾಯಿತು, ಯಾಕಾಯಿತು, ಯಾರಿಂದಾಯಿತು, ಸತ್ತವರು. ಸ್ವಲ್ಪದರಲ್ಲಿ ತಪ್ಪಿದ ಅಪಘಾತವನ್ನೂ ಹಡಗಿನಲ್ಲಿ ಹೀಗೆ ಬರೆದಿಡುತ್ತಾರಂತೆ. "ಇದನ್ನ ಬರದು ಗ್ರಾಮಸಭಾದಾಗ ಓದವಾ. ನಾ ಹೇಳಿದ್ರ ಮುದುಕಾ ಒದರ್ತಾನ ಅಂತಾರ. ನೀ ಹೇಳಿದ್ರ ಕೇಳತಾರ" ಎಂದರು.

ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಮನೆಯಲ್ಲಿ ಯಜಮಾನರು, "ಬರದ ಕೊಟ್ರ ನಾಳೆ ನಮ್ಮ ಕುತ್ತಿಗಿಗೆ ಬರತೈತಿ" ಎಂದರು. ಮಾವ ಆಳುಗಳ ಮೇಲೆ ಹಾಕಿದ ಮಾತನ್ನು ಈಗ ಸೊಸೆ ಸುಳ್ಳು ಮಾಡಬೇಕೇ? ಟೀಚರ್ ಆದವಳು ಊರ ಮುಂದೆ ನಿಂತು ಪೆದ್ದಿ ಅನ್ನಿಸಿಕೊಳ್ಳಬೇಕೇ? ನೆಪಗಳಿಗೇನು ಬರ. ಹಾಳೆ ಪಾಠದ ಟಿಪ್ಪಣಿಯ ಪುಸ್ತಕದೊಳಗೆ ಹೋಗಿ ಕೂತಿತು. ಕಾಕಾ ಬಸ್ಸಿನಲ್ಲಿ ಒಮ್ಮೆ "ಬರದ್ಯಾ?" ಎಂದು ಕೇಳಿದರು, ಇನ್ನೊಮ್ಮೆ ಕೇಳಿದರು. ಮೂರನೆಯ ಸಲ ಕೇಳುವ ಮೊದಲೇ ನಾನು ಮುಂಜಾನೆಯ ಮೊದಲ ಬಸ್ಸಿಗೆ ಹೋಗತೊಡಗಿದೆ. ಅಷ್ಟು ಒಳ್ಳೆಯ ಮನುಷ್ಯನ ಕಣ್ಣು ತಪ್ಪಿಸಲು ಅರ್ಧ ತಾಸು ಮೊದಲೇ ಎದ್ದು ಅಡುಗೆ ಮುಗಿಸುತ್ತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗುವ ವಿಷಯ ಇದು.

ಜೂನ್ ತಿಂಗಳ ಒಂದು ಮಧ್ಯಾಹ್ನ ಕಾಕಾ ಊಟ ಮಾಡಿ ಕೈ ತೊಳೆಯಲು ಎದ್ದವರು ಎದೆ ಹಿಡಿದು ಕೂತರು. ಓಣಿಯ ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ಸುದ್ದಿ ಕೇಳಿ ಶಾಲೆಯಿಂದ ಓಡಿ ಬಂದೆ. ಕಾಕು ನನ್ನ ಕೈ ಹಿಡಿದು, "ಮುಂಜಾನೆ ಸೈತ ಕೇಳಿದ್ರವಾ, ಟೀಚರ್ ಏನರ ಕಾಗದಾ ಕೊಟ್ಟಾಳೇನು ಅಂತ. ಏನ್ ಕಾಗದವಾ ಅದು?" ಎಂದರು. ನಾನು ಆ ಮನೆಯ ಹೊಸ್ತಿಲ ಮೇಲೆಯೇ ಕುಸಿದು ಅತ್ತೆ. ಬಂದವರೆಲ್ಲ ನನ್ನ ದುಃಖವನ್ನು ನೋಡಿ ಮರುಗಿದರು. ಅದು ದುಃಖವಷ್ಟೇ ಆಗಿದ್ದರೆ ಚೆನ್ನಾಗಿತ್ತು.

ಆ ಹಾಳೆಯಲ್ಲಿ ಬರೆದುಕೊಂಡು ಮುಂದಿನ ಗ್ರಾಮಸಭೆಗೆ ಹೋದೆ. ಯಜಮಾನರಿಗೂ ಮಾವನಿಗೂ ಹೇಳಿಯೇ ಹೋದೆ. ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು, ಆದರೂ ಮಾವ ಬಂದು ಹಿಂದಿನ ಸಾಲಿನಲ್ಲಿ ಕೂತರು. ನನಗಿಂತ ಮೊದಲೇ ಒಬ್ಬ ಸದಸ್ಯರು ಎದ್ದು, ಹಗ್ಗದ ಕಾಕಾ ಹೋದದ್ದು ಊರಿಗೇ ನಷ್ಟ, ಅವರ ಸ್ಮರಣಾರ್ಥವಾಗಿ ಹೊಂಡಗಳಿಗೆ ಹಗ್ಗ ಕಟ್ಟುವ ಠರಾವು ಮಾಡೋಣ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಂಚಾಯಿತಿ ಕಾರ್ಯದರ್ಶಿ ಕಾಕಾನ ಹೆಸರಿನ ಹಿಂದೆ 'ದಿವಂಗತ' ಎಂದು ಬರೆಯಲು ಪೆನ್ನು ತೆಗೆದರು.

ನನಗೆ ಎಲ್ಲಿಂದ ಧೈರ್ಯ ಬಂತೋ. "ಅವ್ರ ಹೆಸರ ಬರೀಬ್ಯಾಡ್ರಿ" ಎಂದು ಎದ್ದು ನಿಂತೆ. "ಅವ್ರು ಸತ್ತಾರಂತ ಈ ಠರಾವು ಮಾಡಿದ್ರ ಅವ್ರ ಜೀವಾ ಸುಳ್ಳಾಕ್ಕೈತಿ. ಒಬ್ಬರೂ ಸಾಯದ ಒಂದ್ ನಿಯಮ ಬರ್ಲಿ ಅಂತಿದ್ರು. ಇದನ್ನ ಬರಕೋರಿ."

ಹಾಳೆ ತೆಗೆದು ಓದಿದೆ. ಏನಾಯಿತು ಎಂಬಲ್ಲಿ ರೇಣವ್ವ ಬಿದ್ದದ್ದು. ಯಾಕಾಯಿತು ಎಂಬಲ್ಲಿ ಹಗ್ಗ ಕೀಲಿಯೊಳಗೆ ಇದ್ದದ್ದು. ಯಾರಿಂದಾಯಿತು ಎಂಬಲ್ಲಿ ನನ್ನ ಪೂರ್ತಿ ಹೆಸರು. ಆಳುಗಳು ಯಾರೂ ಒಯ್ದಿರಲಿಲ್ಲ ಎಂದೂ ಸೇರಿಸಿದ್ದೆ. ಮಾವ ನೆಲ ನೋಡುತ್ತಿದ್ದರು.

ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ರೈತರೊಬ್ಬರು ಕೆಮ್ಮಿ, "ನಮ್ಮದೂ ಮನ್ಯಾಗ ಐತಿ ಬೇ. ಬಿಸಲಿಗಿ ಹಾಳಾಕ್ಕೈತಂತ ನಾನ ತಗದಿಟ್ಟೇನಿ" ಎಂದರು. ಅವರ ಹಿಂದಿನವರು, "ನಾವು ಜಂತಿಗಿ ಕಟ್ಟೇವ್ರಿ" ಎಂದರು. ಇನ್ನೂ ನಾಲ್ಕೈದು ಕೈ ಮೆಲ್ಲಗೆ ಮೇಲೆ ಬಂದವು. ಊರಿಗೆ ಊರೇ ಕಾಕಾನ ಹಗ್ಗವನ್ನು ಜೋಪಾನವಾಗಿ ಒಳಗಿಟ್ಟಿತ್ತು.

ಕಾರ್ಯದರ್ಶಿ ಹಳೆಯ ಸಾಲು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದರು. ಹಗ್ಗ ಬಿಸಿಲಿನಲ್ಲೇ ಇರಬೇಕು, ಹಾಳಾದರೆ ಹೊಸದು ಕಟ್ಟಬೇಕು, ಒಳಗೆ ಒಯ್ಯಬಾರದು. ಕಾರಣ ಎಂಬಲ್ಲಿ ನನ್ನ ಹಾಳೆ ನೋಡಿ ಒಂದೊಂದೇ ಸಾಲು ಇಳಿಸಿಕೊಂಡರು. ಕೊನೆಯ ಗೆರೆಗೆ ಬಂದು ಪೆನ್ನು ನಿಂತಿತು. ಅಲ್ಲಿ ನಾನು ಏನೂ ತುಂಬಿರಲಿಲ್ಲ.

"ಸತ್ತವರು ಅಂತ ಐತಲ್ರಿ, ಇಲ್ಲೇನ್ ಬರೀಲಿ?" ಎಂದರು.

ಹೆಣ್ಣುಮಕ್ಕಳ ಕಡೆಯಿಂದ ರೇಣವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಯಾರೂ ಇಲ್ಲಂತ ಬರೀರಿ. ನಾ ಇಲ್ಲೇ ಅದೀನಿ."